ಎರಡಿಂಚು ಹಿಮ ಬಿದ್ದರೆ: ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್‌ಗೆ ಹೊರಟ ನಮ್ಮೂರಿನವರಿಗೆ

ಜುಲೈಯಲ್ಲಿ ನಾನು ಉಡುಪಿಗೆ ಬಂದಿದ್ದೇನೆ ಎಂದು ಗೊತ್ತಾದರೆ ಸಾಕು, ಮನೆಯ ಜಗಲಿಗೆ ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಬರುತ್ತಾರೆ. ಮಣಿಪಾಲದಲ್ಲೋ ನಿಟ್ಟೆಯಲ್ಲೋ ಸುರತ್ಕಲ್ಲಿನಲ್ಲೋ ಓದು ಮುಗಿದಿದೆ, ವೀಸಾ ಸಿಕ್ಕಿದೆ, ಆಗಸ್ಟಿಗೆ ಅಮೆರಿಕಕ್ಕೆ ಹೊರಡುವುದು. ಬ್ಯಾಂಕು, ಬಾಡಿಗೆ, ಸಾರಿನ ಪುಡಿಯ ವಿಚಾರವೆಲ್ಲ ಮುಗಿದು ಎದ್ದು ನಿಂತ ಮೇಲೆ ತಾಯಿಯದ್ದೊಂದು ಪ್ರಶ್ನೆ ಉಳಿದಿರುತ್ತದೆ: "ಅಲ್ಲಿ ಸ್ನೋ ಬೀಳ್ತದಾ?"

ಬೀಳ್ತದೆ. ಆದರೆ ಕೋರ್ಸ್ ಮುಗಿಯುವುದರೊಳಗೆ ಬಿದ್ದೇ ಬೀಳುತ್ತದೆ ಎಂದು ಯಾರೂ ಗ್ಯಾರಂಟಿ ಕೊಡಲಿಕ್ಕಿಲ್ಲ. ಷಿಕಾಗೋ, ಬಾಸ್ಟನ್‌ಗೆ ಹೋಗುವವರಿಗೆ ಹಿಮ ದಿನನಿತ್ಯದ ಕೆಲಸ. ಅವರಿಗೆ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಅಮೆರಿಕದ ದಕ್ಷಿಣಕ್ಕೆ ಹೋಗುವವರ ಕಥೆಯೇ ಬೇರೆ. ಅಲ್ಲಿ ಹಿಮ ಅಪರೂಪದ ಅತಿಥಿ, ಊರಿನವರಿಗೂ ಅದರ ಅಭ್ಯಾಸ ಇಲ್ಲ. ನನ್ನ ಸಲಹೆ ಇಷ್ಟೆ: ಬಿದ್ದ ದಿನ ಬೆಳಿಗ್ಗೆ ಕಾಲ್ನಡಿಗೆಯಲ್ಲಿ, ಮನೆಯ ಆಸುಪಾಸಿನಲ್ಲೇ, ಕಣ್ಣು ತುಂಬ ನೋಡಿ. ಕಾರಿನ ಕೀ ಮುಟ್ಟಬೇಡಿ.

ಅಲ್ಲಿ ಚಳಿ ಇಲ್ಲವೆಂದಲ್ಲ. ಉತ್ತರದಿಂದ ಇಳಿದು ಬರುವ ಚಳಿಗಾಳಿ ಒಣ, ಗಲ್ಫ್ ಆಫ್ ಮೆಕ್ಸಿಕೋ ಕಡೆಯಿಂದ ಬರುವ ತೇವದ ಗಾಳಿ ಬೆಚ್ಚಗೆ. ಎರಡೂ ಒಂದೇ ಹೊತ್ತಿಗೆ ಒಂದೇ ಊರಿನ ಮೇಲೆ ಸೇರಬೇಕು, ಆಗ ಹಿಮ. ಮೋಡಕ್ಕೂ ನೆಲಕ್ಕೂ ನಡುವೆ ಒಂದು ಬಿಸಿ ಪದರ ಸಿಕ್ಕಿತೋ, ಹಿಮ ಕರಗಿ ಮಳೆಯಾಗಿ ಇಳಿದು, ತಣ್ಣಗಾದ ನೆಲ, ಮರ, ತಂತಿ ಮುಟ್ಟಿದ ಕೂಡಲೇ ಹೆಪ್ಪುಗಟ್ಟುತ್ತದೆ. ಇದಕ್ಕೆ ಫ್ರೀಜಿಂಗ್ ರೇನ್ ಎನ್ನುತ್ತಾರೆ. ಅಟ್ಲಾಂಟಾದಲ್ಲಿ ಇದರ ಕಾಟ ಹೆಚ್ಚು, ಕಾರಣ ಅಪ್ಪಲೇಚಿಯನ್ ಬೆಟ್ಟಸಾಲು. ಈಶಾನ್ಯದಿಂದ ಜಾರಿ ಬಂದ ತಣ್ಣನೆಯ ಗಾಳಿ ಆ ಬೆಟ್ಟದ ಪೂರ್ವದ ಮಗ್ಗುಲಿಗೆ ಒತ್ತಿಕೊಂಡು ನೆಲದ ಮೇಲೆ ತೆಳ್ಳಗೆ ಕೂತುಬಿಡುತ್ತದೆ, ಮೇಲಿನಿಂದ ಬೆಚ್ಚನೆಯ ಮೋಡ ಸುರಿಯುತ್ತದೆ. ಘಟ್ಟದ ಬುಡದಲ್ಲಿ ಹುಟ್ಟಿದ ನಮಗೆ, ಬೆಟ್ಟ ಹವೆಯನ್ನು ಹೇಗೆ ಆಡಿಸುತ್ತದೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಫ್ರೀಜಿಂಗ್ ರೇನ್ ಆದ ದಿನ ಪ್ರತಿ ಕೊಂಬೆಯೂ ಗಾಜು ಹೊದ್ದು ನಿಲ್ಲುತ್ತದೆ. ನೋಡಲು ಬಹಳ ಚೆಂದ, ಆದರೆ ಕಿಟಕಿಯ ಒಳಗಿನಿಂದ ಮಾತ್ರ. ಆ ಭಾರಕ್ಕೆ ಮರ ಮುರಿಯುತ್ತದೆ, ಕರೆಂಟ್ ತಂತಿ ಬೀಳುತ್ತದೆ.

ಎಷ್ಟು ಬೀಳಬಹುದು? ಅಟ್ಲಾಂಟಾದಲ್ಲಿ ಇಡೀ ವರ್ಷದ ಸರಾಸರಿಯೇ ಎರಡು ಇಂಚಿನ ಆಸುಪಾಸು, ಎಷ್ಟೋ ವರ್ಷ ಅದೂ ಇಲ್ಲ. ಒಮ್ಮೊಮ್ಮೆ ಮಾತ್ರ ಲೆಕ್ಕವೆಲ್ಲ ತಲೆಕೆಳಗು. 2025ರ ಜನವರಿ 21ರಂದು ನ್ಯೂ ಆರ್ಲಿಯನ್ಸ್ ವಿಮಾನ ನಿಲ್ದಾಣದಲ್ಲಿ 8 ಇಂಚು ಬಿತ್ತು. ಫ್ಲೋರಿಡಾದ ಮಿಲ್ಟನ್‌ನಲ್ಲಿ ಸುಮಾರು 10 ಇಂಚು. ಆ ರಾಜ್ಯದ ಹಳೆಯ ದಾಖಲೆ 1954ರದ್ದು, ಬರೀ 4 ಇಂಚು. ಪೆನ್ಸಕೋಲಾದ ಕಡಲತೀರದ ಮರಳೂ ಹಿಮದಡಿ ಹೋಯಿತು. ಮಲ್ಪೆ ಬೀಚಿನಲ್ಲಿ ಬೆಳೆದವರು ಆ ಫೋಟೋ ನೋಡಿ ಎಂತ ಹೇಳುವುದು, ನೀವೇ ಯೋಚಿಸಿ.

ಹತ್ತಿಂಚು ಹಿಮ ಕರಗಿಸಿದರೆ ಸಿಗುವುದು ಅಂದಾಜು ಒಂದಿಂಚು ನೀರು. ಎರಡೂವರೆ ಇಂಚಿಗೆ ಆರು ಮಿಲಿಮೀಟರ್ ಚಿಲ್ಲರೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ನೋಡುವ ಉಡುಪಿಯವರಿಗೆ ಇದು ಹನಿ ಹಾಕಿದ್ದಕ್ಕೂ ಕಡೆ. ಆದರೆ ಎರಡೂವರೆ ಇಂಚಿನಷ್ಟೇ ಹಿಮ 2014ರ ಜನವರಿ 28ರಂದು ಅಟ್ಲಾಂಟಾವನ್ನು ಮಕಾಡೆ ಮಲಗಿಸಿತು. ಮಧ್ಯಾಹ್ನದ ಹೊತ್ತಿಗೆ ಹಿಮ ಶುರುವಾಯಿತು, ಶಾಲೆ, ಆಫೀಸು, ಸರ್ಕಾರಿ ಕಚೇರಿ ಎಲ್ಲ ಒಟ್ಟಿಗೆ ಬಿಟ್ಟವು, ಎಲ್ಲರೂ ಒಮ್ಮೆಲೇ ರಸ್ತೆಗೆ ಇಳಿದರು. ಟೈರಿನಡಿ ಹಿಮ ಒತ್ತಿ ಮಂಜುಗಡ್ಡೆಯಾಯಿತು. ಉಪ್ಪು ಎರಚಬೇಕಾದ ಲಾರಿಗಳೇ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದವು. ಜನ ಹೆದ್ದಾರಿಯಲ್ಲೇ ಕಾರಿನೊಳಗೆ ರಾತ್ರಿ ಕಳೆದರು, ಸಾವಿರಾರು ಮಕ್ಕಳು ಶಾಲೆಯಲ್ಲೇ ಮಲಗಿದರು. ಅದರ ನಂತರ ಊರು ಪಾಠ ಕಲಿತಿದೆ, ಈಗ ಹಿಮ ಬೀಳುವ ಮುಂಚೆಯೇ ರಜೆ. ನಮ್ಮಲ್ಲಿ ಮಳೆಗೆ ಡಿಸಿ ರಜೆ ಕೊಡುವ ಹಾಗೆ ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್, ಯೂನಿವರ್ಸಿಟಿ ಹಿಂದಿನ ಸಂಜೆಯೇ ಮೆಸೇಜ್ ಕಳಿಸುತ್ತವೆ. ರಜೆ ಕೊಟ್ಟ ದಿನ ಬಿಸಿಲು ಕಾಯುವುದೂ ಉಂಟು, ಅದರಲ್ಲೂ ನಮ್ಮ ಡಿಸಿ ರಜೆಗೂ ವ್ಯತ್ಯಾಸ ಇಲ್ಲ.

ಅಲ್ಲಿನ ಹವಾಮಾನ ಇಲಾಖೆಯಾದ ನಾಷನಲ್ ವೆದರ್ ಸರ್ವಿಸ್ 'ವಾಚ್' ಎಂದರೆ ಸಾಧ್ಯತೆ ಉಂಟು, 'ವಾರ್ನಿಂಗ್' ಎಂದರೆ ಬಂತೆಂದೇ ಲೆಕ್ಕ. ವಾಚ್ ಬಂದ ದಿನವೇ ಅಂಗಡಿಯ ಬ್ರೆಡ್ಡು, ಹಾಲು ಖಾಲಿ. ಬ್ರೆಡ್ಡಿಗೆ ಜಗಳ ಮಾಡಬೇಡಿ, ಇಂಡಿಯನ್ ಸ್ಟೋರಿನಲ್ಲಿ ಅವಲಕ್ಕಿ ಇದ್ದೇ ಇರುತ್ತದೆ. ಹೆಚ್ಚಿನ ವಿದ್ಯಾರ್ಥಿಗಳ ಅಪಾರ್ಟ್‌ಮೆಂಟಿನಲ್ಲಿ ಕರೆಂಟಿನ ಒಲೆ, ಆದ್ದರಿಂದ ಹಿಂದಿನ ರಾತ್ರಿಯೇ ಅನ್ನ, ಹುರುಳಿ ಸಾರು ಮಾಡಿ ಇಟ್ಟುಕೊಳ್ಳಿ, ಫೋನ್ ಚಾರ್ಜ್ ಮಾಡಿಕೊಳ್ಳಿ. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ನಿನ ಕನ್ನಡ ವೃಂದ ಇವುಗಳಲ್ಲಿ ಯಾವುದಾದರೂ ಹತ್ತಿರ ಇದ್ದರೆ ಅಲ್ಲಿನವರ ಪರಿಚಯ ಚಳಿಗಾಲಕ್ಕೆ ಮುಂಚೆಯೇ ಮಾಡಿಕೊಂಡಿರಿ. ಕರೆಂಟ್ ಹೋದಾಗ ಇನ್ನೊಬ್ಬರ ಮನೆಯ ಬಾಗಿಲು ತಟ್ಟಲಿಕ್ಕೆ ಮುಖ ಗುರುತಾದರೂ ಬೇಕಲ್ಲ.

ಇನ್ನು ಆ ಬೆಳಗಿನ ವಿಚಾರ. ಹಿಮ ಮೊದಲು ನಿಲ್ಲುವುದು ಹುಲ್ಲಿನ ಮೇಲೆ, ಕಾರಿನ ಛಾವಣಿಯ ಮೇಲೆ, ಅಂಚೆ ಡಬ್ಬಿಯ ನೆತ್ತಿಯ ಮೇಲೆ. ರಸ್ತೆಯಲ್ಲಿ ಹಿಂದಿನ ದಿನಗಳ ಬಿಸಿ ಉಳಿದಿರುತ್ತದೆ, ಅದು ಬಹಳ ಹೊತ್ತು ಬರೀ ಒದ್ದೆ. ರಾತ್ರಿ ಶುರುವಾದರೆ ಬೀದಿದೀಪದ ಕೆಳಗೆ ಹೋಗಿ ತಲೆ ಎತ್ತಿ ನೋಡಿ. ದಕ್ಷಿಣದ ಹಿಮ ಸೊನ್ನೆ ಡಿಗ್ರಿಯ ಹತ್ತಿರವೇ ಬೀಳುವುದರಿಂದ ಹರಳುಗಳು ಒಂದಕ್ಕೊಂದು ಅಂಟಿ ದೊಡ್ಡ ದೊಡ್ಡ ಎಸಳಾಗಿ, ಅವಸರ ಇಲ್ಲದೆ ಇಳಿಯುತ್ತವೆ. ಕಪ್ಪು ಸ್ವೆಟರ್ ಹಾಕಿಕೊಂಡು ತೋಳು ಚಾಚಿ ನಿಲ್ಲಿ. ಅಂಟಿಕೊಳ್ಳದೆ ಒಂಟಿಯಾಗಿ ಬಂದ ಹರಳೊಂದು ಉಣ್ಣೆಯ ಎಳೆಯ ತುದಿಯಲ್ಲಿ ಕೂರುತ್ತದೆ. ಆರು ಕಡ್ಡಿ, ಪ್ರತಿ ಕಡ್ಡಿಗೂ ಸಣ್ಣ ಗರಿ. ಉಸಿರು ತಾಗಿಸಬೇಡಿ, ತಾಗಿದರೆ ಅಲ್ಲೇ ನೀರಿನ ಚುಕ್ಕೆ.

ಇದೇ ಒದ್ದೆ ಹಿಮ ಉಂಡೆ ಕಟ್ಟಲಿಕ್ಕೆ ಹೇಳಿ ಮಾಡಿಸಿದ್ದು, ಮುಷ್ಟಿಯಲ್ಲಿ ಒತ್ತಿದರೆ ನಿಲ್ಲುತ್ತದೆ. ಉತ್ತರದ ಮಿನ್ನೆಸೋಟದ ಒಣ ಹಿಮ ಹೀಗೆ ಮಾತು ಕೇಳುವುದಿಲ್ಲ. ಜಾರಲಿಕ್ಕೆ ಸ್ಲೆಡ್ ಹುಡುಕಿಕೊಂಡು ಅಂಗಡಿಗೆ ಹೋಗಬೇಡಿ, ಅಲ್ಲಿ ಸಿಗುವುದು ಕಷ್ಟ. ಊರಿನ ಮಕ್ಕಳು ರಟ್ಟಿನ ಪೆಟ್ಟಿಗೆ, ಅಡುಗೆಯ ಟ್ರೇ, ಬಟ್ಟೆ ಬುಟ್ಟಿಯ ಮುಚ್ಚಳ ಹಿಡಿದು ಇಳಿಜಾರಿಗೆ ಓಡುತ್ತಾರೆ. ಅಡಿಕೆ ಹಾಳೆಯಲ್ಲಿ ಕೂತು ತೋಟದುದ್ದಕ್ಕೂ ಎಳೆಸಿಕೊಂಡವರಿಗೆ ಈ ವಿದ್ಯೆ ಹೊಸತಲ್ಲ. ಪೆಟ್ಟಿಗೆಯ ಅಡಿಗೆ ಕಸದ ಪ್ಲಾಸ್ಟಿಕ್ ಚೀಲ ಸುತ್ತಿದರೆ ಇನ್ನೂ ಜೋರು. (ಹಾಳೆಯನ್ನೇ ಸೂಟ್‌ಕೇಸಿನಲ್ಲಿ ತುರುಕುವ ಯೋಚನೆ ಬೇಡ ಮಾರಾಯ್ರೆ, ವಿಮಾನ ನಿಲ್ದಾಣದಲ್ಲಿ ಕೃಷಿ ತಪಾಸಣೆಯವರಿಗೆ ಉತ್ತರ ಕೊಡಬೇಕು.)

ಅಲ್ಲಿಯವರು ಹೊಸ ಹಿಮಕ್ಕೆ ಹಾಲು, ಸಕ್ಕರೆ, ವೆನಿಲಾ ಹಾಕಿ 'ಸ್ನೋ ಕ್ರೀಮ್' ಮಾಡಿ ತಿನ್ನುತ್ತಾರೆ. ಒಂದು ಅಗಲ ಪಾತ್ರೆ ಹೊರಗಿಟ್ಟು ಅದರಲ್ಲೇ ಬಿದ್ದದ್ದನ್ನು ತೆಗೆದುಕೊಳ್ಳಿ, ಶುರುವಿನದ್ದು ಬಿಟ್ಟುಬಿಡಿ, ಗಾಳಿಯ ಧೂಳೆಲ್ಲ ಅದರಲ್ಲಿ ಇರುತ್ತದೆ. ವೆನಿಲಾ ಬದಲು ಮನೆಯಿಂದ ಒಯ್ದ ಪುನರ್ಪುಳಿ ಸಿರಪ್ ಸುರಿದು ನೋಡಿ. ನನ್ನ ಅಭಿಪ್ರಾಯದಲ್ಲಿ ಇದರ ಮುಂದೆ ಸ್ನೋ ಕ್ರೀಮ್ ಏನೂ ಅಲ್ಲ, ಪಕ್ಕದ ಮನೆಯ ಅಮೆರಿಕನ್ ಮಕ್ಕಳೂ ಬಟ್ಟಲು ಚಾಚಿದ್ದುಂಟು.

ಬಟ್ಟೆಗೆ ದೊಡ್ಡ ಖರ್ಚು ಬೇಡ. ದಪ್ಪ ಜಾಕೆಟನ್ನು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ, ನವೆಂಬರಿನ ಸೇಲಿನಲ್ಲಿ ಅಲ್ಲೇ ಸಿಗುತ್ತದೆ. ಹತ್ತಿಯ ಕಾಲುಚೀಲ ಒದ್ದೆಯಾದರೆ ಕಾಲು ಮರಗಟ್ಟುತ್ತದೆ. ಉಣ್ಣೆಯದ್ದು ಹಾಕಿ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ ಶೂ ಹಾಕಿದರೆ ಒಂದು ಬೆಳಗಿಗೆ ಧಾರಾಳ. ಮಂಡೆಗೆ ಟೊಪ್ಪಿ ಬಿಡಬೇಡಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿರುತ್ತದೆ. ಅದು 24 ಡಿಗ್ರಿಗೇ ಹೆಪ್ಪುಗಟ್ಟುವ ವಸ್ತು, ಹಾಳಾಯಿತೆಂದು ಎಸೆಯಬೇಡಿ.

ಊರಿಗೆ ವಿಡಿಯೋ ಕಾಲ್ ಮಾಡುವುದಾದರೆ ಅಟ್ಲಾಂಟಾದ ಬೆಳಿಗ್ಗೆ ಏಳು ಗಂಟೆ ಉಡುಪಿಯಲ್ಲಿ ಸಂಜೆ ಐದೂವರೆ, ಡಲ್ಲಾಸ್, ಹ್ಯೂಸ್ಟನ್ನಿನ ಏಳು ಇಲ್ಲಿ ಆರೂವರೆ. ಮನೆಯವರೆಲ್ಲ ಎದ್ದಿರುವ ಹೊತ್ತು. ಫೋನನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಹತ್ತು ಗಂಟೆಗೆ ಮಾಡೋಣ ಎಂದು ಮುಂದೂಡಿದರೆ ತೋರಿಸಲಿಕ್ಕೆ ಹಿಮವೇ ಇರಲಿಕ್ಕಿಲ್ಲ. ಅಪ್ಪ ಅಮ್ಮ ಅಲ್ಲೇ ಬಂದಿದ್ದರೆ ಚಪ್ಪಲಿಯಲ್ಲಿ ಮೆಟ್ಟಿಲು ಇಳಿಯಲು ಬಿಡಬೇಡಿ. ವಿಸಿಟರ್ ಇನ್ಶೂರೆನ್ಸ್ ಇದ್ದರೂ ಮುರಿದ ಕೈಯ ಬಿಲ್ಲು ಆ ಇಡೀ ಪ್ರವಾಸದ ಖರ್ಚನ್ನು ಮೀರಬಹುದು.

ನಿಜವಾಗಿ ಹೆದರಬೇಕಾದ್ದು ಎರಡನೆಯ ಬೆಳಗಿಗೆ. ಹಗಲು ಕರಗಿದ ನೀರು ರಾತ್ರಿ ರಸ್ತೆಯ ಮೇಲೆ ತೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಬಣ್ಣ ಇಲ್ಲ, ಡಾಂಬರೇ ಕಾಣುತ್ತದೆ. ಸೇತುವೆ, ಫ್ಲೈಓವರ್‌ಗಳಿಗೆ ಮೇಲೂ ಕೆಳಗೂ ಗಾಳಿ ತಾಗುವುದರಿಂದ ಅವು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. "ನಾನು ಮಿಷಿಗನ್‌ನಲ್ಲಿ ಓಡಿಸಿದವ" ಎನ್ನುವ ಸ್ನೇಹಿತನ ಕಾರನ್ನೂ ಹತ್ತಬೇಡಿ. ಮಿಷಿಗನ್‌ನಲ್ಲಿ ಹಿಮ ಗುಡಿಸುವ ಗಾಡಿಗಳು ರಾತ್ರಿಯಿಡೀ ತಿರುಗುತ್ತವೆ, ದಕ್ಷಿಣದಲ್ಲಿ ಅಂಥವು ಕಡಿಮೆ. ಗಾಜಿನ ಮೇಲಿನ ಹಿಮಕ್ಕೆ ಬಿಸಿನೀರು ಹೊಯ್ದರೆ ಗಾಜೇ ಸೀಳಬಹುದು, ಹಳೆಯ ಪ್ಲಾಸ್ಟಿಕ್ ಕಾರ್ಡಿನಲ್ಲಿ ಕೆರೆಯಿರಿ.

2021ರ ಫೆಬ್ರವರಿಯ ಕಡು ಚಳಿಯಲ್ಲಿ ಡಲ್ಲಾಸ್, ಹ್ಯೂಸ್ಟನ್ ಇರುವ ಟೆಕ್ಸಸ್‌ನಲ್ಲಿ ಆದದ್ದನ್ನು ಹೇಳದೆ ಇರಲಾಗದು. ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ತೀರಿಹೋದರು. ಅವರಲ್ಲಿ ಕೆಲವರನ್ನು ಕೊಂದದ್ದು ಕಾರ್ಬನ್ ಮೊನಾಕ್ಸೈಡ್. ಬೆಚ್ಚಗಾಗಲೆಂದು ಇದ್ದಿಲಿನ ಗ್ರಿಲ್ಲನ್ನೋ ಜನರೇಟರನ್ನೋ ಒಳಗೆ ತಂದರೆ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕೂತರೆ, ವಾಸನೆಯೇ ಇಲ್ಲದ ಈ ಅನಿಲ ಮನೆ ತುಂಬುತ್ತದೆ. ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿದ್ದ ನಮ್ಮ ಹಳೆಯ ಅಡುಗೆಮನೆಗಳಲ್ಲಿ ಕೆಂಡ ಇಟ್ಟುಕೊಂಡದ್ದು ಬೇರೆ, ಗಾಳಿಯಾಡದ ಅಮೆರಿಕದ ಮನೆ ಬೇರೆ. ಮಗುವಿಗೆ ಧೂಪ ಹಾಕುವ ಕೆಂಡವೂ ಆ ದಿನ ಬೇಡ.

ನೀರಿನ ಪೈಪು ಕೂಡ ಚಳಿಗೆ ಕಟ್ಟಿದ್ದಲ್ಲ, ಟೆಕ್ಸಸ್‌ನಲ್ಲಿ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿಂದಲೇ ಹಾದುಹೋಗಿರುತ್ತದೆ. ಕಡು ಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಷ್ಟು ತೆರೆದಿಡಿ, ಸಿಂಕಿನ ಕೆಳಗಿನ ಬಾಗಿಲು ತೆಗೆದಿಡಿ, ಮನೆಯ ನೀರನ್ನೆಲ್ಲ ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಎಂದು ಮನೆ ಸೇರಿದ ವಾರವೇ ಕೇಳಿ ತಿಳಿದುಕೊಳ್ಳಿ. ಪೈಪು ಒಡೆಯುವುದು ಹೆಪ್ಪುಗಟ್ಟಿದಾಗ, ನೀರು ಸುರಿಯುವುದು ಕರಗಿದ ಮೇಲೆ. ಹಾಗಾಗಿ ಬಿಸಿಲು ಬಂದ ಮಧ್ಯಾಹ್ನ ಮನೆಯೊಳಗಿನ ಛಾವಣಿಯನ್ನೊಮ್ಮೆ ನೋಡಿ. ನೀರಿನ ಕಲೆ ಕಂಡರೆ ಮೊದಲು ವಾಲ್ವ್ ತಿರುಗಿಸಿ, ಆಮೇಲೆ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಹಾಳಾದ ಲ್ಯಾಪ್‌ಟಾಪಿನ ದುಡ್ಡು ಮಾಲೀಕರು ಕೊಡುತ್ತಾರೆಂದು ಕಾಯಬೇಡಿ, ಅದು ಸಾಮಾನ್ಯವಾಗಿ ಬಾಡಿಗೆಗೆ ಇರುವವರು ತಮ್ಮ ಸಾಮಾನಿಗೆ ಮಾಡಿಸುವ ರೆಂಟರ್ಸ್ ಇನ್ಶೂರೆನ್ಸಿನಿಂದ ಬರಬೇಕಾದ್ದು, ಬಾಡಿಗೆಗೆ ಸಹಿ ಹಾಕುವ ದಿನವೇ ಮಾಡಿಸಿಕೊಳ್ಳಿ.