ಶುರುವಿನ ಸೋಲಿಗೆ ಒಂದು ನೋಟ್‌ಬುಕ್ಕು

ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು. ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಆಟವನ್ನು ಟಿವಿಯಲ್ಲಿ ನೋಡುವಾಗಲೂ, ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ನಿಂತು ನಮ್ಮ ಊರಿನ ಹುಡುಗರ ಆಟ ನೋಡುವಾಗಲೂ ನನ್ನ ಕೈಯಲ್ಲಿರುವುದು ಇವೆರಡೇ. ಸೀಸನ್ ಶುರುವಾಗುತ್ತಲೇ ಟೀಮು ಎಡವಿದರೆ, ಇನ್ನೂ ನಂಬಿಕೆ ಇಡಬಹುದೇ ಎಂದು ನಾನು ಕೇಳುವುದು ಈ ಪುಸ್ತಕವನ್ನು. ಅಂಕಪಟ್ಟಿಯ ಸರದಿ ಆಮೇಲೆ.

ಒಂದು ಮ್ಯಾಚಿಗೆ ಒಂದು ಪುಟ. ನಡುವೆ ಗೆರೆ, ಎಡಕ್ಕೆ ನಾವು, ಬಲಕ್ಕೆ ಎದುರಿನವರು. ಎರಡೂ ಕಡೆ ಪೆನಾಲ್ಟಿ ಬಾಕ್ಸಿನ ಚಿತ್ರ: ಗೋಲಿನ ಗೆರೆಯಿಂದ 16.5 ಮೀಟರ್ ಮುಂದಕ್ಕೆ ಬರುವ ದೊಡ್ಡ ಚೌಕ, ಅದರೊಳಗೆ 5.5 ಮೀಟರಿನ ಚಿಕ್ಕ ಚೌಕ. ಗೋಲಿನತ್ತ ಬಿದ್ದ ಪ್ರತಿ ಹೊಡೆತಕ್ಕೂ, ಅದನ್ನು ಹೊಡೆದ ಜಾಗದಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ನಿಮಿಷ. ತಲೆಯಲ್ಲಿ ಹೊಡೆದದ್ದಾದರೆ ಚುಕ್ಕೆಗೆ ಒಂದು ಸುತ್ತು. ಚೆಂಡು ಕಂಬಕ್ಕೆ ತಾಗಿತೋ, ಗೋಲ್‌ಕೀಪರ್ ಹಿಡಿದನೋ, ಗ್ಯಾಲರಿಗೆ ಹೋಯಿತೋ ಎಂದು ಬರೆಯುವುದಿಲ್ಲ. ಅದನ್ನು ಬರೆಯಲು ಹೊರಟರೆ ಕಂಬಕ್ಕೆ ತಾಗಿದ ಎರಡು ಚೆಂಡು ಮಾತ್ರ ಮನಸ್ಸಿನಲ್ಲಿ ಉಳಿದು, ಉಳಿದ ಹನ್ನೆರಡು ಮರೆತೇಹೋಗುತ್ತವೆ.

ಮ್ಯಾಚು ಮುಗಿದ ಮೇಲೆ ಚುಕ್ಕೆಗಳಿಗೆ ತೂಕ, ಅಂದರೆ ಅದು ಗೋಲಾಗುವ ಸಂಭವ, ಹಾಕುವುದು. ಆ ತೂಕಗಳನ್ನೆಲ್ಲ ಕೂಡಿಸಿದರೆ ಬರುವುದೇ ಅವಕಾಶದ ಮೊತ್ತ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರರಷ್ಟು ಗೋಲಾಗುತ್ತವೆ, ಆದ್ದರಿಂದ ಒಂದು ಪೆನಾಲ್ಟಿಗೆ 0.75. ಚಿಕ್ಕ ಚೌಕದೊಳಗಿಂದ ಕಾಲಿನಲ್ಲಿ ಹೊಡೆದದ್ದಕ್ಕೆ ನಾನು ಹಾಕುವುದು 0.35. ದೊಡ್ಡ ಚೌಕದೊಳಗೆ ಗೋಲಿನ ನೇರಕ್ಕೆ ನಿಂತು ಹೊಡೆದದ್ದಕ್ಕೆ 0.15, ಅದೇ ಚೌಕದ ಮೂಲೆಯಿಂದಾದರೆ 0.06, ಚೌಕದ ಹೊರಗಿನಿಂದ 0.03. ಹೆಡರ್ ಆದರೆ ಆಯಾ ಜಾಗದ ಅರ್ಧ. ಟಿವಿಯವರು ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್, ಬರಬಹುದಾದ ಗೋಲಿನ ಅಂದಾಜು) ಎಂದು ತೋರಿಸುವುದು ಇದೇ ಬಗೆಯ ಲೆಕ್ಕವನ್ನೇ. ಅವರದ್ದು ಸಾವಿರಾರು ಹೊಡೆತಗಳಿಂದ ತೆಗೆದದ್ದು, ನನ್ನದು ಕೈ ಅಂದಾಜು. ಪ್ರತಿ ಮ್ಯಾಚಿಗೂ ಒಂದೇ ತೂಕ ಹಾಕುವುದರಿಂದ ಒಂದು ಪುಟವನ್ನು ಇನ್ನೊಂದರ ಜೊತೆ ಹೋಲಿಸಬಹುದು. ನನಗೆ ಬೇಕಾದದ್ದು ಅಷ್ಟೇ.

ಈಗ ಸೋಲಿನ ವಿಷಯಕ್ಕೆ ಬರೋಣ. ನಮ್ಮ ಟೀಮು ಮ್ಯಾಚಿಗೆ ಸರಾಸರಿ 1.5 ಗೋಲಿನಷ್ಟು ಅವಕಾಶ ಮಾಡಿಕೊಳ್ಳುತ್ತಿದೆ, ಎದುರಿನವರು 1 ಗೋಲಿನಷ್ಟು ಎಂದಿಟ್ಟುಕೊಳ್ಳಿ. ನಮ್ಮದು ಚೆನ್ನಾಗಿ ಆಡುತ್ತಿರುವ ಟೀಮೇ. ಆದರೂ ಸಂಭವದ ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 49 ಗೆಲುವು, 26 ಡ್ರಾ, 25 ಸೋಲು. ಅಂದರೆ ಇಷ್ಟು ಚೆನ್ನಾಗಿ ಆಡಿದರೂ ಸತತ ಮೂರು ಮ್ಯಾಚಿನಲ್ಲಿ ಒಂದನ್ನೂ ಗೆಲ್ಲದಿರುವ ಸಂಭವ ನೂರಕ್ಕೆ 13ರಷ್ಟಿದೆ. ಬೇರೆಬೇರೆ ಲೀಗಿನಲ್ಲಿ ಇಷ್ಟೇ ಚೆನ್ನಾಗಿ ಆಡುವ ಹದಿನಾಲ್ಕು ಟೀಮನ್ನು ತೆಗೆದುಕೊಂಡರೂ ಇಬ್ಬರಿಗೆ ಈ ಗತಿ ಬಂದೀತು. ಮೂರನೇ ಮ್ಯಾಚಿನ ರಾತ್ರಿ ವಾಟ್ಸಾಪಿನಲ್ಲಿ "ಇನ್ನು ಎಂಥ ಇದೆ ಮಾರಾಯ್ರೆ, ಮುಗೀತು" ಎಂದು ಬಂದಾಗ ನಾನು ತೆಗೆದು ನೋಡುವುದು ಈ 13ನ್ನು. ಪುಟದ ಕೂಡಿಕೆ ಮುಗಿಯುವವರೆಗೆ ಆ ಗ್ರೂಪಿಗೆ ಉತ್ತರ ಬರೆಯುವುದಿಲ್ಲ ಎಂಬುದು ನನ್ನ ಕಟ್ಟುನಿಟ್ಟು.

ಈ ಲೆಕ್ಕ ಕೆಡುವ ಜಾಗಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಸ್ಕೋರಿನದು. ಹಿಂದೆ ಬಿದ್ದ ಟೀಮು ಮುನ್ನುಗ್ಗುತ್ತದೆ, ಮುಂದಿರುವ ಟೀಮು ಬಾಕ್ಸಿನೊಳಗೆ ಬಾಗಿಲು ಹಾಕಿಕೊಂಡು ಕೂರುತ್ತದೆ. 0-2 ಆದ ಮೇಲೆ ಬಿದ್ದ ಹನ್ನೆರಡು ಹೊಡೆತ ಕಂಡು "ಒಳ್ಳೆ ಆಡಿದ್ದೇವೆ" ಎಂದರೆ ನಾವೇ ಮೋಸ ಹೋಗುತ್ತೇವೆ. ಆದ್ದರಿಂದ ಸ್ಕೋರು ಸಮ ಇದ್ದಾಗಿನ ಚುಕ್ಕೆಗೆ ಮಾತ್ರ ಗಟ್ಟಿಯಾಗಿ ಬಣ್ಣ ತುಂಬುತ್ತೇನೆ, ಉಳಿದವು ಖಾಲಿ ಸೊನ್ನೆ. ನಂಬಿಕೆಗೆ ಆಧಾರ ಬಣ್ಣ ತುಂಬಿದ ಚುಕ್ಕೆ. ರೆಡ್ ಕಾರ್ಡ್ ಬಿದ್ದ ನಿಮಿಷಕ್ಕೆ ಅಡ್ಡಗೆರೆ ಎಳೆದು ಎಣಿಕೆ ನಿಲ್ಲಿಸುವುದು. ಹೈಲೈಟ್ಸ್ ನೋಡಿ ಪುಟ ತುಂಬಿಸಲೇಬಾರದು, ಅದರಲ್ಲಿ ಸಪ್ಪೆ ಹೊಡೆತಗಳನ್ನೆಲ್ಲ ಕತ್ತರಿಸಿರುತ್ತಾರೆ.

2022ರ ನವೆಂಬರ್ 22ರಂದು ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ 1-2ರಲ್ಲಿ ಸೋತಾಗ ಮಂಗಳೂರು ಬದಿಯ ಉಳ್ಳಾಲ, ಕಸಬಾ ಬೆಂಗ್ರೆ ಕಡೆಯ ನೀಲಿ-ಬಿಳಿ ಬಾವುಟದವರ ಎದೆಯೇ ಒಡೆದಂತಾಗಿತ್ತು. ಆ ಮ್ಯಾಚಿನ ಹೊಡೆತಗಳು ಅರ್ಜೆಂಟೀನಾಕ್ಕೆ 15, ಸೌದಿಗೆ 3. ಮೊದಲ ಅರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ನಿಯಮದಿಂದ ರದ್ದಾಗಿದ್ದವು. ಆಟ ಸತ್ತಿರಲಿಲ್ಲ. ಮುಂದಿನ ಮ್ಯಾಚುಗಳಲ್ಲಿ ಎನ್ಜೊ ಫರ್ನಾಂಡಿಸ್, ಮ್ಯಾಕ್ ಅಲಿಸ್ಟರ್, ಹೂಲಿಯನ್ ಆಲ್ವಾರೆಜ್ ಶುರುವಿನ ಹನ್ನೊಂದರೊಳಗೆ ಬಂದರು; ಡಿಸೆಂಬರ್ 18ಕ್ಕೆ ಕಪ್ಪು ಅವರದ್ದಾಯಿತು.

ಒಂದು ಮ್ಯಾಚಿನ ಪುಟದಿಂದ ಏನೂ ತೀರ್ಮಾನ ಮಾಡುವುದಿಲ್ಲ. ಐದು ಪುಟ ಕೂಡಿಸಿದ ಮೇಲೆ ಆರನೆಯದು ಲೆಕ್ಕದ ಪುಟ. ಅವಕಾಶದ ಮೊತ್ತ 7, ಹೊಡೆದ ಗೋಲು 3 ಎಂದು ಬಂದರೆ ನಾನು ನಿಶ್ಚಿಂತ; ಮುಂದೆ ಗೋಲು ಬರುವ ಸಂಭವವೇ ಹೆಚ್ಚು. ಮೊತ್ತವೇ 3 ಆದರೆ ಅದೃಷ್ಟವನ್ನು ದೂರಿ ಪ್ರಯೋಜನವಿಲ್ಲ, ಚೆಂಡು ಬಾಕ್ಸಿಗೇ ತಲುಪುತ್ತಿಲ್ಲ. ಆಗ ನೋಡಬೇಕಾದದ್ದು ಆ ಐದು ಮ್ಯಾಚಿನಲ್ಲಿ ಎಷ್ಟು ಎದುರಿನವರ ಊರಿನಲ್ಲಿ ಆಡಿದವು, ಎಷ್ಟು ಬಲಿಷ್ಠರ ಎದುರು, ಯಾವುದರಲ್ಲಿ ಮೂರು ದಿನಕ್ಕಿಂತ ಕಡಿಮೆ ವಿಶ್ರಾಂತಿ ಇತ್ತು ಎಂಬುದನ್ನು. ಗಾಯದ ವಿವರ ಎರಡು ಸಾಲಿನಲ್ಲಿ ಮುಗಿಯುತ್ತದೆ: ತೊಡೆಯ ಹಿಂಬದಿಯ ಸ್ನಾಯು (ಹ್ಯಾಮ್‌ಸ್ಟ್ರಿಂಗ್) ಸ್ವಲ್ಪ ಎಳೆದಿದ್ದರೆ ಎರಡು ಮೂರು ವಾರದಲ್ಲಿ ಹುಡುಗ ವಾಪಸು, ಮೊಣಕಾಲಿನೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದಿದ್ದರೆ ಈ ಸೀಸನ್ನಿಗೆ ಅವನನ್ನು ಲೆಕ್ಕಕ್ಕೆ ಹಿಡಿಯಬಾರದು.

ಅಂಕದ ಗಣಿತ ಇದರ ಮೇಲಿನದು. ಬೆಂಗಳೂರು ಎಫ್‌ಸಿಯ 2022-23ನ್ನೇ ತೆಗೆದುಕೊಳ್ಳಿ. ಇಂಡಿಯನ್ ಸೂಪರ್ ಲೀಗಿನಲ್ಲಿ ಆಗ 20 ಮ್ಯಾಚು, ಗೆಲುವಿಗೆ 3 ಅಂಕ, ಡ್ರಾಕ್ಕೆ 1; ಮೊದಲ ಆರು ಟೀಮಿಗೆ ಪ್ಲೇಆಫ್, ಅಂದರೆ ಕಪ್ಪಿಗಾಗಿ ಆಡುವ ಮುಂದಿನ ಸುತ್ತು. 12 ಮ್ಯಾಚು ಮುಗಿದಾಗ 3 ಗೆಲುವು, 1 ಡ್ರಾ, 8 ಸೋಲು, 10 ಅಂಕ. ಮ್ಯಾಚಿಗೆ 1.5 ಅಂಕದ ಹಾಗೆ 30 ಬಂದರೆ ಆರರೊಳಗೆ ಜಾಗ ಸಿಗುತ್ತದೆ ಎಂಬ ಅಂದಾಜಿನಲ್ಲಿ ಉಳಿದ 8ರಲ್ಲಿ 20 ಅಂಕ ಬೇಕಿತ್ತು: ಆರು ಗೆಲುವು, ಎರಡು ಡ್ರಾ, ಒಂದೂ ಸೋಲಿಲ್ಲ. ಅಂಥದ್ದನ್ನು ಮೊದಲೇ ಹೇಳುವ ಪುಸ್ತಕ ಯಾರಲ್ಲೂ ಇಲ್ಲ. ಆದರೆ ಪುಟದಲ್ಲಿ ಕಾಣುವ ಬದಲಾವಣೆ ಇತ್ತು. ಮುಂಚೂಣಿಯಲ್ಲಿ ರಾಯ್ ಕೃಷ್ಣನ ಜೊತೆಗೆ ಶಿವಶಕ್ತಿ ನಾರಾಯಣನ್ ನೆಲೆಯೂರಿದ, ಸುನಿಲ್ ಛೆಟ್ರಿಯಂಥ ಆಟಗಾರ ಬೆಂಚಿನಿಂದ ಬರುವಂತಾಯಿತು. ಎಂಟಕ್ಕೆ ಎಂಟೂ ಗೆದ್ದರು, 34 ಅಂಕದೊಂದಿಗೆ ನಾಲ್ಕನೇ ಸ್ಥಾನ. ಆರನೆಯ ಒಡಿಶಾದ್ದು ಸರಿಯಾಗಿ 30. ಫೈನಲ್ಲಿನಲ್ಲಿ 2-2 ಆಗಿ ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಗಾನಿಗೆ ಸೋತದ್ದು ಇವತ್ತಿಗೂ ನೋವೇ.

ಕಾದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳಲಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ನ್ಯೂಕ್ಯಾಸಲ್ 2021-22ರಲ್ಲಿ ಮೊದಲ 14 ಮ್ಯಾಚಿನಲ್ಲಿ ಒಂದನ್ನೂ ಗೆಲ್ಲದಿದ್ದರೂ ಕೊನೆಗೆ 11ನೇ ಸ್ಥಾನಕ್ಕೆ ಬಂತು. ಆದರೆ ಅದರ ಹಿಂದಿನ ಸೀಸನ್ನಿನಲ್ಲಿ ಶೆಫೀಲ್ಡ್ ಯುನೈಟೆಡ್ ಮೊದಲ 17 ಮ್ಯಾಚಿನಲ್ಲಿ 2 ಅಂಕ ಪಡೆದು ಕೊನೆಗೂ ತಳದಲ್ಲೇ ಉಳಿಯಿತು. ಬೇಕಾದ ಅಂಕ ಮ್ಯಾಚಿಗೆ 2.5 ದಾಟಿದ ದಿನ ನಾನು ಹಳೆಯ ಗುರಿಗೆ ಗೆರೆ ಎಳೆದು ಹೊಸದು ಬರೆಯುತ್ತೇನೆ: ಮುಂದಿನ ಐದರಲ್ಲಿ ಸ್ಕೋರು ಸಮ ಇದ್ದಾಗಿನ ನಮ್ಮ ಮೊತ್ತ ಎದುರಿನವರದ್ದಕ್ಕಿಂತ ಮೇಲೆ ಬರಬೇಕು. ಆ ಗುರಿ ಮುಟ್ಟಿದ ಟೀಮನ್ನು ಮುಂದಿನ ಸೀಸನ್ನಿಗೂ ಪ್ರೀತಿಯಿಂದ ಕಾಯಬಹುದು.

ನಮ್ಮ ಊರಿನ ಆಟಕ್ಕೆ ಎರಡು ತಿದ್ದುಪಡಿ ಬೇಕು. ಅರ್ಧಕ್ಕೆ 30 ನಿಮಿಷದ ಮ್ಯಾಚಾದರೆ ಮೊತ್ತವನ್ನು ಒಂದೂವರೆಯಿಂದ ಗುಣಿಸಬೇಕು, ಆಗಲೇ 90 ನಿಮಿಷದ ಪುಟದ ಜೊತೆ ಹೋಲಿಸಲು ಬರುತ್ತದೆ. ಇನ್ನೊಂದು ಮಳೆ. ನೀರು ನಿಂತ ಕಡೆ ಪಾಸು ಕೊಟ್ಟ ಚೆಂಡು ಅಲ್ಲೇ ಕೂತುಬಿಡುತ್ತದೆ, ನೆಲದಲ್ಲಿ ಪಾಸು ಮಾಡಿ ಆಡುವ ಟೀಮಿಗೆ ಬಾಕ್ಸಿನೊಳಗಿನ ಚುಕ್ಕೆ ಸಿಗುವುದೇ ಇಲ್ಲ. ಉದ್ದಕ್ಕೆ ಎತ್ತಿ ಹೊಡೆಯುವವರು ಗೆಲ್ಲುತ್ತಾರೆ. ಜೂನ್, ಜುಲೈಯ ಕೆಸರಿನ ಪುಟಗಳನ್ನು ಒಣ ಮೈದಾನದ ಐದರ ಲೆಕ್ಕಕ್ಕೆ ಸೇರಿಸುವುದಿಲ್ಲ, ಮೂಲೆಯಲ್ಲಿ "ಮಳೆ" ಎಂದು ಬರೆದು ಬೇರೆ ಇಡುತ್ತೇನೆ. ಪೆನ್ನು ಬಿಟ್ಟು ಪೆನ್ಸಿಲು ಹಿಡಿದದ್ದೂ ಅದಕ್ಕೇ: ಒದ್ದೆ ಕಾಗದದ ಮೇಲೆ ಬಾಲ್‌ಪೆನ್ನು ಜಾರುತ್ತದೆ, ಹದವಾಗಿ ಮೊನೆ ಮಾಡಿದ ಪೆನ್ಸಿಲು ಹೇಗೋ ಚುಕ್ಕೆ ಇಡುತ್ತದೆ.