ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಕಾ?

ಶಿವಮೊಗ್ಗದ ಅಂಗಡಿ, ಅಡಿಕೆ ಮಂಡಿಗಳಲ್ಲೂ ಈಗ ಹಳೇ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸುವವರು ಜಾಸ್ತಿ. ಹಾರ್ಡ್ ಡಿಸ್ಕಿನ ಬದಲು ಬರುವ, ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್ ಅದು. ಡ್ರೈವ್ ಹೊಸದು, ಅಭ್ಯಾಸ ಮಾತ್ರ ಹಳೇದು. ಸಿಸ್ಟಂ ಚೂರು ನಿಧಾನ ಅನ್ನಿಸಿದರೆ ಸಾಕು, ‘ಒಂದ್ಸಲ ಡಿಫ್ರಾಗ್ ಹೊಡೀರಿ’ ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ಎಸ್‌ಎಸ್‌ಡಿಗೆ ಅದು ಬೇಡ.

ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಓಡಾಡುತ್ತಾ ಡೇಟಾ ಓದುವ ಹೆಡ್ ಇರುತ್ತದೆ. ಒಂದು ಫೈಲು ಹತ್ತು ಚೂರಾಗಿ ಬಿದ್ದಿದ್ದರೆ ಹೆಡ್‌ನ ಪಾಡು ತೀರ್ಥಹಳ್ಳಿ ಕಡೆಯ ಪೋಸ್ಟ್‌ಮ್ಯಾನ್ ಪಾಡೇ ಸರಿ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಹಳ್ಳದಾಚೆ. ಆ ಚೂರುಗಳನ್ನು ಒಂದೆಡೆ ಸೇರಿಸುವುದೇ ಡಿಫ್ರಾಗ್. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಡೇಟಾ ಚಿಪ್ಪಿನ ಯಾವ ಮೂಲೆಯಲ್ಲಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬೇಗ ಸಿಗುತ್ತದೆ. ಅದು ಎಲ್ಲಿರಬೇಕೆಂದು ತೀರ್ಮಾನಿಸುವುದೂ ವಿಂಡೋಸ್ ಅಲ್ಲ, ಡ್ರೈವಿನೊಳಗಿನ ಕಂಟ್ರೋಲರ್. ಡೇಟಾ ಕೂರುವ ಪುಟ್ಟ ಗೂಡುಗಳಿಗೆ ಸೆಲ್ ಎನ್ನುತ್ತಾರೆ, ಬರೆದಷ್ಟೂ ಅವು ಸವೆಯುತ್ತವೆ. ಎಲ್ಲ ಸೆಲ್‌ಗಳೂ ಸಮನಾಗಿ ಸವೆಯಲೆಂದು ಕಂಟ್ರೋಲರ್ ಡೇಟಾವನ್ನು ಬೇಕೆಂದೇ ಹರಡುತ್ತದೆ. ನೀವು ಜೋಡಿಸಿದ್ದು ಒಳಗೆ ಜೋಡಿಸಿದಂತೆ ಇರುವುದೇ ಇಲ್ಲ, ಸುಮ್ನೆ ಸೆಲ್ ಸವೆಸಿದ್ದಷ್ಟೇ ಬಂತು.

ಈಗಾಗಲೇ ಮಾಡಿಬಿಟ್ಟಿದ್ದರೆ ಗಾಬರಿ ಬೇಡ. 500 ಜಿಬಿಯ ಸ್ಯಾಮ್‌ಸಂಗ್ 970 ಇವೊಗೆ ಕಂಪನಿ ಕೊಟ್ಟ ವಾರಂಟಿ 5 ವರ್ಷ ಅಥವಾ 300 ಟೆರಾಬೈಟ್ ಬರೆಯುವವರೆಗೆ. ಒಂದೆರಡು ಡಿಫ್ರಾಗ್ ಅದರಲ್ಲಿ ಲೆಕ್ಕಕ್ಕೇ ಇಲ್ಲ.

ಈಗ ಕೆಲಸಕ್ಕೆ ಬನ್ನಿ. ಮೊದಲು ಒಳಗಿರುವುದು ಯಾವ ಡ್ರೈವ್ ಎಂದು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಹೆಸರಿನ ಕೆಳಗೇ ಎಸ್‌ಎಸ್‌ಡಿಯೋ ಎಚ್‌ಡಿಡಿಯೋ ಬರೆದಿರುತ್ತದೆ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಡಿಫ್ರಾಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸಿಕ್ಕಿದ್ದನ್ನು ತೆರೆಯಿರಿ. ಎಸ್‌ಎಸ್‌ಡಿ ಇರುವ ಸಾಲನ್ನು ಆರಿಸಿದರೆ ‘ಅನಲೈಸ್’ ಬಟನ್ ಮಂಕಾಗುತ್ತದೆ, ‘ಆಪ್ಟಿಮೈಜ್’ ಉಳಿಯುತ್ತದೆ. ಅದನ್ನು ಒತ್ತಿದರೂ ಅಪಾಯವಿಲ್ಲ. ನಡೆಯುವುದು ಟ್ರಿಮ್. ಅಂದರೆ, ನೀವು ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಎಂದು ಡ್ರೈವಿಗೆ ತಿಳಿಸುವುದು, ಅಷ್ಟೇ. 2009ರ ವಿಂಡೋಸ್ 7ರಿಂದಲೂ ಟ್ರಿಮ್ ಇದೆ.

ಅದೇ ಕಿಟಕಿಯ ಕೆಳಗೆ ಶೆಡ್ಯೂಲ್ ಆನ್ ಇದೆಯಾ, ‘ವೀಕ್ಲಿ’ ಎಂದಿದೆಯಾ ನೋಡಿ. ಎಸ್‌ಎಸ್‌ಡಿ ಹಾಕಿದ ಮೇಲೆ ಇದನ್ನು ಆಫ್ ಮಾಡಿ ಎಂದು ಹೇಳುವವರಿದ್ದಾರೆ. ಕೇಳಬೇಡಿ, ವಾರವಾರ ನಡೆಯುವ ಟ್ರಿಮ್ ಕೂಡ ನಿಂತುಹೋಗುತ್ತದೆ. ಸಿಸ್ಟಂ ರಿಸ್ಟೋರ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯ) ಆನ್ ಇದ್ದರೆ ವಿಂಡೋಸ್ ಅಪರೂಪಕ್ಕೆ ಎಸ್‌ಎಸ್‌ಡಿಯನ್ನೂ ಡಿಫ್ರಾಗ್ ಮಾಡುವುದುಂಟು. ಅದಕ್ಕೆ ಬೇರೆ ಕಾರಣಗಳಿವೆ, ಅದರ ಪಾಡಿಗೆ ಬಿಡಿ. ನೀವಾಗಿ ಹಾಕಿಕೊಂಡ ಬೇರೆ ಡಿಫ್ರಾಗ್ ಸಾಫ್ಟ್‌ವೇರ್ ಇದ್ದರೆ ಮಾತ್ರ ಕಿತ್ತುಹಾಕಿ.

ಇಷ್ಟಾದರೂ ನಿಧಾನವೇ? ಡ್ರೈವ್ ತುಂಬಿರಬಹುದು, ಸ್ವಲ್ಪ ಜಾಗ ಖಾಲಿ ಮಾಡಿ. ಅಳಿಸುವ ಮುಂಚೆ ಮಂಡಿ ಲೆಕ್ಕ, ಮದುವೆ ಫೋಟೊ ಇನ್ನೊಂದು ಕಡೆ ಕಾಪಿ ಇದೆಯಾ ನೋಡಿಕೊಳ್ಳಿ. ಟ್ರಿಮ್ ಆದ ಮೇಲೆ ಅಳಿಸಿದ ಫೈಲು ವಾಪಸ್ ತರಿಸುವುದು ಹೆಚ್ಚುಕಮ್ಮಿ ಆಗದ ಮಾತು.

ಡಿ ಡ್ರೈವ್ ಇನ್ನೂ ಹಾರ್ಡ್ ಡಿಸ್ಕೇ ಆಗಿದ್ದರೆ ಅದಕ್ಕೆ ಡಿಫ್ರಾಗ್ ಧಾರಾಳವಾಗಿ ಮಾಡಿ. ಗಂಟೆಗಟ್ಟಲೆ ಹಿಡಿಯಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಗೊತ್ತಲ್ವಾ, ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.