ಕನ್ನಡದಲ್ಲೇ ಬರೆದುಕೊಂಡು ಇಂಗ್ಲಿಷ್ ಪದ ಕಲಿತೆ: ನನ್ನ ಅನುಭವ

ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಉಚ್ಚಾರಣೆ ಕೆಟ್ಟೇ ಹೋಗುತ್ತದೆ ಅಂತ ನನಗೆ ಹೇಳದವರಿಲ್ಲ. ಇಂಗ್ಲಿಷಿನಲ್ಲೇ ಯೋಚಿಸಬೇಕು, ಮಾತಾಡುವಾಗ ಮಧ್ಯೆ ಕನ್ನಡ ಬರಲೇಬಾರದು ಅನ್ನುವುದು ಇನ್ನೊಂದು ಉಪದೇಶ. ಎರಡನ್ನೂ ಸುಮಾರು 6 ವರ್ಷ ನಿಷ್ಠೆಯಿಂದ ಪಾಲಿಸಿದೆ. ಎರಡನ್ನೂ ಬಿಟ್ಟ ಮೇಲೆ 14 ತಿಂಗಳಲ್ಲಿ 2,500ರಷ್ಟು ಪದ ಬಾಯಿಗೆ ಬಂದವು. ಓದಿದರೆ ಅರ್ಥವಾಗುವ ಪದಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ತಡವರಿಸದೆ ಆಡಬಲ್ಲವು ಮಾತ್ರ.

ಮೊದಲು ಸೋತ ಕಥೆ. ದಿನಕ್ಕೆ 20 ಪದ, ಎದುರಿಗೆ ಕನ್ನಡ ಅರ್ಥ, ಹೀಗೆ ಮೂರು ತಿಂಗಳು ಬರೆದೆ. ಎರಡು ನೋಟ್‌ಬುಕ್ ತುಂಬಿದವು. ಕೊನೆಗೆ ಪರೀಕ್ಷೆ ಮಾಡಿಕೊಂಡರೆ ನೆನಪಿದ್ದದ್ದು ಮುನ್ನೂರು ಚಿಲ್ಲರೆ, ಮಾತಿನಲ್ಲಿ ಬಳಸಲು ಧೈರ್ಯವಿದ್ದದ್ದು ನಲವತ್ತು. ಆಮೇಲೆ ನಿಘಂಟನ್ನೇ ಮೊದಲಿಂದ ಓದಲು ಕೂತೆ; ‘ಬಿ’ ದಾಟಲಿಲ್ಲ. ನಂತರ ಒಂದು ಕೋರ್ಸಿಗೆ ಸೇರಿದೆ. ಒಂದೂವರೆ ತಿಂಗಳ ಸಂಬಳ ಹೋಯಿತು. ಅಲ್ಲಿ ಕಲಿಸಿದ್ದು ದಿನದ ಮಾತಿಗೆ ಬಾರದ ‘ಯುಬಿಕ್ವಿಟಸ್’, ‘ಎಫೆಮರಲ್’ ಥರದ ಪದಗಳು. ನನಗೋ ‘ಡಿಟರ್ಮಿನ್’ ಅನ್ನುವುದನ್ನು ‘ಡಿಟರ್‌ಮೈನ್’ ಅನ್ನಬಾರದು ಅಂತಲೂ ಗೊತ್ತಿರಲಿಲ್ಲ. ಆ ದುಡ್ಡು ಈಗಲೂ ಹೊಟ್ಟೆ ಉರಿಸುತ್ತದೆ. ಕೊನೆಯದು ಆ್ಯಪ್, ವರ್ಷದ ಚಂದಾ ಕಟ್ಟಿ ಒಂದು ತಿಂಗಳೂ ಬಳಸಲಿಲ್ಲ. ಚಿತ್ರ ನೋಡಿ ಪದ ಗುರುತಿಸುವುದು ಬಂತು, ಬಾಯಿ ಮಾತ್ರ ಬಿಚ್ಚಲಿಲ್ಲ.

ತಿರುವು ಸಿಕ್ಕಿದ್ದು ಒಂದು ಫೋನ್ ಮಾತುಕತೆಯಲ್ಲಿ. ಜೋರು ಮಳೆ ಅನ್ನಲು ‘ಸ್ಟ್ರಾಂಗ್ ರೇನ್’ ಅಂದುಬಿಟ್ಟೆ. ಆ ಕಡೆಯವರು ಒಂದು ಕ್ಷಣ ಸುಮ್ಮನಾದರು. ರಾತ್ರಿ ಕೂತು ಯೋಚಿಸಿದಾಗ ಹೊಳೆಯಿತು: ತಪ್ಪು ಹುಟ್ಟಿದ್ದು ‘ಜೋರು’ ಎಂಬ ನಮ್ಮ ಪದದಿಂದ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ದನಿಯೂ ಜೋರು, ಜ್ವರವೂ ಜೋರು. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ದನಿ ಲೌಡ್, ಜ್ವರ ಹೈ. ಜೋರಾಗಿ ಓಡಿದರೆ ಫಾಸ್ಟ್, ಜೋರಾಗಿ ಹೊಡೆದರೆ ಹಾರ್ಡ್, ವ್ಯಾಪಾರ ಜೋರಾಗಿದ್ದರೆ ಬ್ರಿಸ್ಕ್. ಒಂದು ಪುಟದ ನೆತ್ತಿಯ ಮೇಲೆ ‘ಜೋರು’ ಅಂತ ಬರೆದು ಇವನ್ನೆಲ್ಲ ಕೆಳಗೆ ಜೋಡಿಸಿದೆ. ಮರುದಿನ ನೋಡದೆ ಹೇಳಿದೆ, ಒಂದೂ ತಪ್ಪಲಿಲ್ಲ. ಮೂರು ತಿಂಗಳ ಪಟ್ಟಿ ಕೊಡದ್ದನ್ನು ಒಂದು ಪುಟ ಕೊಟ್ಟಿತ್ತು.

ಅಲ್ಲಿಂದ ‘ಹಾಕು’ ಹಿಡಿದೆ. ಬೀಗ ಹಾಕು, ಸಹಿ ಹಾಕು, ಲೈಟ್ ಹಾಕು, ಅರ್ಜಿ ಹಾಕು, ಲೆಕ್ಕ ಹಾಕು, ವೋಟು ಹಾಕು, ಶಾಪ ಹಾಕು. ಲಾಕ್, ಸೈನ್, ಟರ್ನ್ ಆನ್, ಅಪ್ಲೈ, ವರ್ಕ್ ಔಟ್, ಕಾಸ್ಟ್, ಕರ್ಸ್. ನಾವು ಎಲ್ಲದಕ್ಕೂ ‘ಪುಟ್’ ಅಂದು ಸಿಕ್ಕಿಬೀಳುವುದು ಇಲ್ಲೇ. ಈ ಒಂದು ಕ್ರಿಯಾಪದದಿಂದ ನನಗೆ ಸಿಕ್ಕಿದ್ದು 40ಕ್ಕೂ ಹೆಚ್ಚು ಇಂಗ್ಲಿಷ್ ಕ್ರಿಯಾಪದ. ಆಮೇಲೆ ‘ಹಿಡಿ’: ಬಸ್ಸು ಹಿಡಿದರೆ ಕ್ಯಾಚ್, ಸಮಯ ಹಿಡಿದರೆ ಟೇಕ್, ತುಕ್ಕು ಹಿಡಿದರೆ ರಸ್ಟ್. ‘ಬಗ್ಗೆ’ಗೂ ಒಂದು ಪುಟ ಕೊಟ್ಟೆ. ವಿಷಯದ ಬಗ್ಗೆ ಚರ್ಚಿಸುತ್ತೇವಲ್ಲ, ಅದಕ್ಕೇ ‘ಡಿಸ್ಕಸ್ ಅಬೌಟ್’ ಅನ್ನುತ್ತೇವೆ. ಅಲ್ಲಿ ಅಬೌಟ್ ಬೇಡ. ಟಾಕ್‌ಗೆ ಬೇಕು. ಯಾವ ಪದಕ್ಕೆ ಯಾವುದು ಜೊತೆ ಅಂತ ಖಚಿತ ಮಾಡಿಕೊಳ್ಳಲು ಕಾಲೊಕೇಶನ್ ನಿಘಂಟು ಇಟ್ಟುಕೊಂಡೆ. ನಾನು ಕೊಂಡವುಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಾಗದ್ದು ಅದೊಂದೇ.

ಇನ್ನು ಉಚ್ಚಾರಣೆ. ಕನ್ನಡ ಲಿಪಿ ಹಾಳುಮಾಡುತ್ತದೆ ಅನ್ನುವವರು ಸ್ಪೆಲಿಂಗ್ ಎಷ್ಟು ಹಾಳುಮಾಡಿದೆ ಅಂತ ನೋಡುವುದಿಲ್ಲ. ಸಾಲ ಅನ್ನುವ ಅರ್ಥದ ‘ಡೆಟ್’ ಪದದಲ್ಲಿರುವ, ದನಿಯಿಲ್ಲದ ‘ಬಿ’ ಅಕ್ಷರವನ್ನು ಲ್ಯಾಟಿನ್ ಮೂಲ ನೆನಪಿಸಲೆಂದು ಪಂಡಿತರು ಆಮೇಲೆ ತುರುಕಿದ್ದು. ‘ಐಲ್ಯಾಂಡ್’ ನಡುವಿನ ‘ಎಸ್’ ಕೂಡ ತಪ್ಪು ತಿಳಿವಳಿಕೆಯಿಂದ ನುಸುಳಿದ್ದು. ಅದಕ್ಕೇ ನಾನು ಮೊದಲು ಕೇಳುತ್ತೇನೆ, ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ, ಸ್ಪೆಲಿಂಗ್ ನೋಡುವುದು ಮೂರನೇ ದಿನ. ಪ್ಲಮರ್, ರಿಸೀಟ್, ಸಟಲ್, ಕಂಫ್ಟಬಲ್: ಹೀಗೆ ಬರೆದ ಮೇಲೆ ಬಾಯಿ ದಾರಿ ತಪ್ಪುವುದಿಲ್ಲ.

ನಮ್ಮ ಲಿಪಿಯಲ್ಲಿ ಇಲ್ಲದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡು. ಒಂದು, ‘ವಿ’ ಮತ್ತು ‘ಡಬ್ಲ್ಯು’ ವ್ಯತ್ಯಾಸ. ಕೆಳತುಟಿ ಹಲ್ಲಿಗೆ ತಾಗುವುದಕ್ಕೆ ‘ವ’ ಇಟ್ಟು, ತುಟಿ ದುಂಡಗಾಗುವುದನ್ನು ‘ಉ’ ಸೇರಿಸಿ ಬರೆದೆ: ಒಳಅಂಗಿ ‘ವೆಸ್ಟ್’, ಪಶ್ಚಿಮ ‘ಉಎಸ್ಟ್’. ಇನ್ನೊಂದು ಒತ್ತು, ಅಂದರೆ ಪದದ ಯಾವ ಭಾಗವನ್ನು ಬಲವಾಗಿ ಹೇಳಬೇಕು ಅನ್ನುವುದು. ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆದೆ. ಡಿವೆಲಪ್‌ನಲ್ಲಿ ‘ವೆ’ ಕೆಳಗೆ. ‘ರೆಕಾರ್ಡ್’ ನಾಮಪದವಾದರೆ ‘ರೆ’ ಕೆಳಗೆ, ಕ್ರಿಯಾಪದವಾದರೆ ಅದು ‘ರಿಕಾರ್ಡ್’, ಗೆರೆ ‘ಕಾ’ ಕೆಳಗೆ. ಫೋಟೊಗ್ರಾಫ್‌ನಲ್ಲಿ ಮೊದಲ ಅಕ್ಷರಕ್ಕೆ ಇದ್ದ ಒತ್ತು ‘ಫಟಾಗ್ರಫರ್’ ಆದಾಗ ಎರಡನೆಯದಕ್ಕೆ ಜಾರುತ್ತದೆ. ಒತ್ತಿಲ್ಲದ ಕಡೆ ಸ್ವರ ಸವೆದು ಹೋಗುತ್ತದಲ್ಲ, ಅದಕ್ಕೂ ಒಂದು ಗುರುತು ಮಾಡಿಕೊಂಡಿದ್ದೇನೆ. ನಾಲ್ಕು ತಿಂಗಳು ತಿದ್ದಿ ತಿದ್ದಿ ಕಂಡುಕೊಂಡದ್ದು, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಪುನರಾವರ್ತನೆಗೆ ಲೈಟ್ನರ್ ಪೆಟ್ಟಿಗೆ: ಸರಿ ಹೇಳಿದ ಕಾರ್ಡು ಮುಂದಿನ ಪೆಟ್ಟಿಗೆಗೆ ಹೋಗಿ ತಡವಾಗಿ ಮತ್ತೆ ಬರುತ್ತದೆ, ತಪ್ಪಿದ್ದು ಮೊದಲ ಪೆಟ್ಟಿಗೆಗೆ ಮರಳುತ್ತದೆ. ನಾನು ಬದಲಿಸಿದ್ದು ಒಂದೇ: ಕಾರ್ಡಿನ ಮುಂದೆ ನನ್ನದೇ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ. ಮೂರು ಸೆಕೆಂಡಿನಲ್ಲಿ ಗಟ್ಟಿಯಾಗಿ ಹೇಳದಿದ್ದರೆ ಮೊದಲ ಪೆಟ್ಟಿಗೆಗೆ ವಾಪಸ್. ಮನಸ್ಸಿನಲ್ಲಿ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ‘ನೋಡು’ ಅನ್ನುವ ಅರ್ಥದ ‘ಸ್ಪೆಕ್ಟ್’ ಥರದ ಲ್ಯಾಟಿನ್ ಧಾತು ಹಿಡಿದು ಇನ್‌ಸ್ಪೆಕ್ಟ್, ಸಸ್ಪೆಕ್ಟ್, ಪ್ರಾಸ್ಪೆಕ್ಟ್ ಅಂತ ಎರಡು ವಾರ ಕಳೆದೆ. ಬಹಳ ಖುಷಿ ಕೊಟ್ಟಿತು, ಓದಿಗೆ ಸಹಾಯವಾಯಿತು, ಮಾತಿಗೆ ಆಗಲಿಲ್ಲ. ಹೆಚ್ಚು ಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳನ್ನು ಮೈಕೆಲ್ ವೆಸ್ಟ್ 1953ರಲ್ಲಿ ಪಟ್ಟಿ ಮಾಡಿದ್ದಾರೆ, ಅದನ್ನು ತೆಗೆದುಕೊಂಡು ಒಂದೊಂದನ್ನೂ ಗಟ್ಟಿಯಾಗಿ ಹೇಳಿ, ನಿಘಂಟಿನ ದನಿಯ ಜೊತೆ ಹೋಲಿಸಿದೆ. ಅರ್ಥ ಬಹುತೇಕ ಎಲ್ಲದಕ್ಕೂ ಗೊತ್ತಿತ್ತು. ಉಚ್ಚಾರಣೆ ಸರಿ ಇದ್ದದ್ದು ಅರ್ಧಕ್ಕರ್ಧ. ಹೊಸ ಪದ ಹುಡುಕುವ ಮೊದಲು ಈ ಕೆಲಸ ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ಕನ್ನಡ ಲಿಪಿ ಬೇಡ ಅಂದಿದ್ದ ಗೆಳೆಯರೊಬ್ಬರು ಮೊನ್ನೆ ‘ಹಾಕು’ ನೋಟ್‌ಬುಕ್ ಕೇಳಿ ಪಡೆದರು. ‘ಹಿಡಿ’ಯನ್ನೂ ಕೇಳಿದರು, ಅವರೇ ಒಂದು ತಯಾರಿಸಲಿ ಅಂತ ಕೊಡಲಿಲ್ಲ. ನಾನೀಗ ‘ಬಿಡು’ ಮೇಲೆ ಕೂತಿದ್ದೇನೆ. ಮೂವತ್ತು ವಾಕ್ಯ ದಾಟಿದೆ, ‘ಹೋಗಲಿ ಬಿಡು’ ಹತ್ತಿರ ನಿಂತಿದೆ. ಸಮಾಧಾನ ಮಾಡುವಾಗ ‘ನೆವರ್ ಮೈಂಡ್’ ಕೂರುತ್ತದೆ, ಜಗಳ ಬಿಡಿಸುವಾಗ ‘ಲೆಟ್ ಇಟ್ ಗೋ’. ಬೇಸತ್ತು ಹೇಳುವ ‘ಹೋಗಲಿ ಬಿಡು’ ಇನ್ನೂ ಖಾಲಿ ಇದೆ.